ಬಣ್ಣದ ಅಂಕಿ ಮತ್ತು ಚರಿತ್ರೆಯ ಸಾಕ್ಷ್ಯ: ಕನ್ನಡ ಚಲನಚಿತ್ರ ಹಾಗೂ ವೀಡಿಯೊ ದಾಖಲೆಗಳನ್ನು ಕುರಿತು

ಪೀಠಿಕೆ

ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 1965ರಲ್ಲಿ ತೆರೆಕಂಡ ‘ಸತ್ಯ ಹರಿಶ್ಚಂದ್ರ’ ಕಪ್ಪು-ಬಿಳುಪಿನ ಚಿತ್ರ. ಅದೇ ಚಿತ್ರ 2008ರಲ್ಲಿ ವರ್ಣಗಳಲ್ಲಿ ಮತ್ತೆ ಬಿಡುಗಡೆಯಾಯಿತು. ದೊರೈ–ಭಗವಾನ್ ಜೋಡಿ ನಿರ್ದೇಶಿಸಿದ 1971ರ ‘ಕಸ್ತೂರಿ ನಿವಾಸ’ 2014ರ ನವೆಂಬರಿನಲ್ಲಿ ಅದೇ ದಾರಿಯನ್ನು ಹಿಡಿಯಿತು. ಎರಡೂ ಚಿತ್ರಗಳ ನಾಯಕರಾದ ಡಾ. ರಾಜಕುಮಾರ್ 2006ರಲ್ಲಿ ತೀರಿಕೊಂಡಿದ್ದರು. ಹೀಗಾಗಿ ಈ ವರ್ಣಪ್ರತಿಗಳನ್ನು ನಾಡಿನ ಪ್ರೇಕ್ಷಕರು ಕೇವಲ ಹಳೆಯ ಚಿತ್ರದ ಹೊಸ ಪ್ರತಿಯೆಂದು ನೋಡಲಿಲ್ಲ. ಅಗಲಿದ ನಟನನ್ನು ಮತ್ತೊಮ್ಮೆ ಕಾಣುವ ಅವಕಾಶವೆಂದೇ ಭಾವಿಸಿದರು. ಆ ಭಾವನೆ ಗೌರವಕ್ಕೆ ಅರ್ಹವಾದುದು.

ಆದರೆ ಸಂಶೋಧಕನ ಮುಂದೆ ಬೇರೊಂದು ಪ್ರಶ್ನೆ ನಿಲ್ಲುತ್ತದೆ. ವರ್ಣಪ್ರತಿಯಲ್ಲಿ ಕಾಣುವ ರಾಜನ ಉಡುಪಿನ ಬಣ್ಣ ಯಾವ ಕಾಲದ್ದು? 1965ರ ಚಿತ್ರೀಕರಣದ ಅಂಗಳದ್ದೋ, 2008ರ ಗಣಕಯಂತ್ರದ್ದೋ? ಮುಂದೊಂದು ದಿನ ಕನ್ನಡ ಚಿತ್ರಗಳ ವೇಷಭೂಷಣವನ್ನೋ ರಂಗಸಜ್ಜಿಕೆಯನ್ನೋ ಕುರಿತು ಬರೆಯುವವರು ಇಂತಹ ಪ್ರತಿಯನ್ನು ಆಧಾರವಾಗಿ ಇಟ್ಟುಕೊಂಡರೆ, ಅವರ ಹೇಳಿಕೆಗೆ ಯಾವ ಬೆಲೆ ಕಟ್ಟಬೇಕು? ಈ ಪ್ರಶ್ನೆಗೆ ಉತ್ತರ ಬೇಕಾದರೆ ವೀಡಿಯೊ ಸಂಕಲನದ ತಂತ್ರಾಂಶಗಳು ಬಣ್ಣವನ್ನು ಅಂಕಿಗಳಲ್ಲಿ ಹೇಗೆ ಬರೆದಿಡುತ್ತವೆ, ಆ ಬರವಣಿಗೆಯ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕಾಗುತ್ತದೆ. ಅಂಕಿಯು ಬಣ್ಣ ಎಷ್ಟೆಂಬುದನ್ನು ಹೇಳುತ್ತದೆ. ಆ ಬಣ್ಣ ಎಲ್ಲಿಂದ ಬಂತೆಂಬುದನ್ನು ಹೇಳುವುದಿಲ್ಲ. ಪ್ರಸ್ತುತ ಪ್ರಬಂಧವು ಪ್ರತಿಪಾದಿಸಬಯಸುವುದು ಇಷ್ಟನ್ನೇ.

ಕನ್ನಡ ಚಿತ್ರರಂಗಕ್ಕೆ ವರ್ಣದ ಪ್ರವೇಶ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂದದ್ದು 1934ರಲ್ಲಿ. ಪೂರ್ಣ ಪ್ರಮಾಣದ ಮೊದಲ ವರ್ಣಚಿತ್ರವೆಂದು ಗುರುತಿಸಲಾಗುವ, ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ನಡುವೆ ಮೂವತ್ತು ವರ್ಷಗಳ ಅಂತರವಿದೆ. ವರ್ಣ ಬಂದ ಮೇಲೂ ಕಪ್ಪು-ಬಿಳುಪು ಒಮ್ಮೆಗೇ ಹಿಂದೆ ಸರಿಯಲಿಲ್ಲ. ವರ್ಣದ ಕಚ್ಚಾ ಫಿಲ್ಮು ದುಬಾರಿಯಾಗಿತ್ತು, ಅದಕ್ಕೆ ವಿದೇಶದ ಆಮದನ್ನು ನೆಚ್ಚಬೇಕಾಗಿತ್ತು. ಸಂಸ್ಕರಣೆಗೆ ಮದರಾಸಿನ ಪ್ರಯೋಗಶಾಲೆಗಳಿಗೆ ಹೋಗಬೇಕಾಗಿತ್ತು. ಆದ್ದರಿಂದಲೇ 1970ರ ‘ಶ್ರೀ ಕೃಷ್ಣದೇವರಾಯ’ ವರ್ಣದಲ್ಲಿದ್ದರೆ ಅದೇ ವರ್ಷದ ‘ಸಂಸ್ಕಾರ’ ಕಪ್ಪು-ಬಿಳುಪಿನಲ್ಲಿದೆ. 1972ರ ‘ಬಂಗಾರದ ಮನುಷ್ಯ’, ‘ನಾಗರಹಾವು’ಗಳು ವರ್ಣಚಿತ್ರಗಳಾದರೂ 1977ರಷ್ಟು ತಡವಾಗಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಕಪ್ಪು-ಬಿಳುಪಿನಲ್ಲೇ ಬಂತು.

ಈ ಕಾಲಘಟ್ಟದ ಛಾಯಾಗ್ರಾಹಕರು ಕಪ್ಪು-ಬಿಳುಪನ್ನು ಬಣ್ಣದ ಕೊರತೆಯೆಂದು ತಿಳಿದು ಕೆಲಸ ಮಾಡಿದವರಲ್ಲ. ಯಾವ ಸೀರೆ ತೆರೆಯ ಮೇಲೆ ಎಷ್ಟು ಬೂದು ಕಾಣುತ್ತದೆ, ಗೋಡೆಯ ಯಾವ ಬಣ್ಣದ ಮುಂದೆ ನಟಿಯ ಮುಖ ಎದ್ದು ಕಾಣುತ್ತದೆ ಎಂಬ ಲೆಕ್ಕ ಅವರಿಗಿತ್ತು. ಮಸೂರದ ಮುಂದೆ ಹಳದಿ ಅಥವಾ ಕೆಂಪು ಶೋಧಕವನ್ನಿಟ್ಟರೆ ನೀಲಿಯ ಆಕಾಶ ಕಪ್ಪಾಗುತ್ತದೆ, ಮೋಡ ಬೆಳ್ಳಗೆ ಹೊಳೆಯುತ್ತದೆ. ಅಂಗಳದಲ್ಲಿ ಇದ್ದ ಬಣ್ಣವನ್ನು ತೆರೆಯ ಛಾಯೆಗೆ ತಕ್ಕಂತೆ ಆರಿಸುವುದು ವಾಡಿಕೆಯಾಗಿದ್ದರಿಂದ, ಅಲ್ಲಿನ ನಿಜವಾದ ಬಣ್ಣ ಕಥೆಗೆ ಒಪ್ಪುವಂತೆಯೇ ಇತ್ತೆಂದು ಊಹಿಸಲೂ ಆಧಾರವಿಲ್ಲ.

ಬಣ್ಣಕ್ಕೆ ಮೂರು ಅಂಕಿ

ಮನುಷ್ಯನ ಕಣ್ಣಿಗೆ ಕಾಣುವ ಯಾವುದೇ ಬಣ್ಣವನ್ನು ಮೂರು ಅಂಕಿಗಳಿಂದ ಗುರುತಿಸಬಹುದೆಂಬುದಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ದೊರೆತದ್ದು 1931ರಲ್ಲಿ, ಬೆಳಕಿನ ಅಳತೆಗಾಗಿಯೇ ಇರುವ ಅಂತರರಾಷ್ಟ್ರೀಯ ಆಯೋಗವು ಅಂಗೀಕರಿಸಿದ ಮಾನಕದ ಮೂಲಕ. ಗಣಕಯಂತ್ರದ ತೆರೆಯಲ್ಲಿ ಈ ಮೂರನ್ನು ಕೆಂಪು, ಹಸಿರು, ನೀಲಿ ಎಂದು ಬರೆಯುವುದು ರೂಢಿ. ಒಂದೊಂದಕ್ಕೂ 0ಯಿಂದ 255ರ ವರೆಗೆ 256 ಮೆಟ್ಟಿಲುಗಳು.

ದೂರದರ್ಶನ ತಂತ್ರಜ್ಞಾನ ಇದೇ ಮೂರನ್ನು ಬೇರೊಂದು ರೀತಿಯಲ್ಲಿ ಹಂಚಿಕೊಂಡಿತು. ಅದಕ್ಕೆ ಕಾರಣ ವಿಜ್ಞಾನಕ್ಕಿಂತ ಹೆಚ್ಚಾಗಿ ಗೃಹಸ್ಥನ ಕಿಸೆ. ವರ್ಣಪ್ರಸಾರ ಆರಂಭವಾಗುವ ವೇಳೆಗೆ ಪಾಶ್ಚಾತ್ಯ ದೇಶಗಳ ಮನೆಗಳಲ್ಲಿ ಕಪ್ಪು-ಬಿಳುಪಿನ ಪೆಟ್ಟಿಗೆಗಳಿದ್ದವು. ಅವನ್ನು ಎಸೆಯುವಂತೆ ಯಾರಿಗೂ ಹೇಳುವಂತಿರಲಿಲ್ಲ. ಫ್ರಾನ್ಸಿನ ಜಾರ್ಜ್ ವಾಲೆನ್ಸಿ 1938ರಲ್ಲೇ ಇದಕ್ಕೆ ಪರಿಹಾರವನ್ನು ಸೂಚಿಸಿದ್ದರು: ಬೆಳಕನ್ನು ಒಂದು ಸಂಕೇತವಾಗಿಯೂ ಬಣ್ಣವನ್ನು ಪ್ರತ್ಯೇಕ ಸಂಕೇತವಾಗಿಯೂ ಕಳುಹಿಸಿದರೆ ಹಳೆಯ ಪೆಟ್ಟಿಗೆ ಮೊದಲನೆಯದನ್ನು ಮಾತ್ರ ತೆಗೆದುಕೊಳ್ಳುತ್ತದೆ, ಹೊಸದು ಎರಡನ್ನೂ ತೆಗೆದುಕೊಳ್ಳುತ್ತದೆ. ಅಮೆರಿಕದ 1953ರ ಪದ್ಧತಿಯೂ ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್ ಪದ್ಧತಿಯೂ ಈ ತತ್ತ್ವವನ್ನೇ ಅನುಸರಿಸಿದವು. ಭಾರತ ಪಾಲ್ ಪದ್ಧತಿಯನ್ನು ಆರಿಸಿಕೊಂಡಿತು. 1982ರ ಸ್ವಾತಂತ್ರ್ಯೋತ್ಸವ ಹಾಗೂ ಅದೇ ವರ್ಷದ ನವೆಂಬರಿನಲ್ಲಿ ಆರಂಭವಾದ ಏಷ್ಯನ್ ಕ್ರೀಡಾಕೂಟದೊಂದಿಗೆ ದೂರದರ್ಶನದ ವರ್ಣಪ್ರಸಾರ ದೇಶಕ್ಕೆ ಪರಿಚಿತವಾಯಿತು.

ಕಾಕತಾಳೀಯವೆಂಬಂತೆ ಅದೇ 1982ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ಸಲಹಾ ಸಮಿತಿಯು ಡಿಜಿಟಲ್ ವೀಡಿಯೊದ ಮೂಲ ಮಾನಕವನ್ನು ಅಂಗೀಕರಿಸಿತು. ಅದು 601ನೆಯ ಶಿಫಾರಸು ಎಂದು ಪ್ರಸಿದ್ಧ. ಅದರ ಪ್ರಕಾರ ಚಿತ್ರವನ್ನು ಒಂದು ಬಗೆಯ ಬೆಳಕಿನ ಅಂಕಿ, ಎರಡು ಬಗೆಯ ಬಣ್ಣದ ಅಂಕಿಗಳಾಗಿ ಬರೆಯಲಾಗುತ್ತದೆ. ಬೆಳಕಿನ ಅಂಕಿಯನ್ನು ಪಡೆಯಲು ಕೆಂಪಿನ 0.299 ಪಾಲು, ಹಸಿರಿನ 0.587 ಪಾಲು, ನೀಲಿಯ 0.114 ಪಾಲನ್ನು ಕೂಡಿಸಬೇಕು. ನಮ್ಮ ಕಣ್ಣು ಹಸಿರಿನ ಹೊಳಪನ್ನು ಹೆಚ್ಚಾಗಿಯೂ ನೀಲಿಯದನ್ನು ಕಡಿಮೆಯಾಗಿಯೂ ಗ್ರಹಿಸುತ್ತದೆ ಎಂಬ ಅನುಭವ ಈ ಪಾಲುಗಳ ಹಿಂದಿದೆ. ಉಳಿದ ಎರಡು ಅಂಕಿಗಳು ನೀಲಿ ಮತ್ತು ಕೆಂಪು ಆ ಬೆಳಕಿನಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ತಿಳಿಸುತ್ತವೆ. ದೂರವೇ ಇಲ್ಲವಾದರೆ ಎರಡೂ ಅಂಕಿಗಳು 128ರಲ್ಲಿ ನಿಲ್ಲುತ್ತವೆ. 128 ಎಂದರೆ ಬಣ್ಣವಿಲ್ಲದ ಬೂದು. ಬೆಳಕಿನ ಅಂಕಿಗೆ ಕಪ್ಪು 16, ಬಿಳುಪು 235 ಎಂದು ನಿಗದಿಯಾಯಿತು. 1990ರಲ್ಲಿ ಉನ್ನತ ಸ್ಪಷ್ಟತೆಯ ವೀಡಿಯೊಗಾಗಿ ಬಂದ 709ನೆಯ ಶಿಫಾರಸು ಪಾಲುಗಳನ್ನು 0.2126, 0.7152, 0.0722 ಎಂದು ಬದಲಿಸಿತು. ಸಂಕಲನದ ತಂತ್ರಾಂಶಗಳು ಇಂದಿಗೂ ಈ ಎರಡು ಮಾನಕಗಳ ಋಣದಲ್ಲಿವೆ.

ಒಂದು ಲೆಕ್ಕ

ಈ ಪದ್ಧತಿಯ ಚಾರಿತ್ರಿಕ ಪರಿಣಾಮವನ್ನು ಅರಿಯಲು ಚಿಕ್ಕ ಲೆಕ್ಕವೊಂದು ಸಾಕು. ಒಂದು ಕಾವಿ ವಸ್ತ್ರದ ಅಂಕಿಗಳು ಕೆಂಪು 160, ಹಸಿರು 80, ನೀಲಿ 63 ಎಂದಿರಲಿ. ಒಂದು ಹಸಿರು ಸೀರೆಯದು 60, 130, 67. ಒಂದು ನೀಲಿ ಪತ್ತಲದ್ದು 70, 100, 197. 601ರ ಪಾಲುಗಳಂತೆ, 0ಯಿಂದ 255ರ ಪೂರ್ಣ ಅಳತೆಯಲ್ಲಿ ಲೆಕ್ಕ ಹಾಕಿದರೆ ಮೂರರ ಬೆಳಕಿನ ಅಂಕಿಯೂ 102ಕ್ಕೇ ಬರುತ್ತದೆ. ಅವುಗಳನ್ನು ಬೇರ್ಪಡಿಸುವುದು ಬಣ್ಣದ ಅಂಕಿಗಳು ಮಾತ್ರ: ಕಾವಿಗೆ 106 ಮತ್ತು 169, ಹಸಿರಿಗೆ 108 ಮತ್ತು 98, ನೀಲಿಗೆ 182 ಮತ್ತು 105. ಈ ಜೋಡಿಗಳನ್ನು ಅಳಿಸಿ 128, 128 ಎಂದು ಬರೆದರೆ ವಿಶ್ವಾಮಿತ್ರನ ಕಾವಿಯೂ ಮದುಮಗಳ ಹಸಿರು ಸೀರೆಯೂ ಒಂದೇ ಬೂದಿಯಾಗುತ್ತವೆ. ಹಿಂದಕ್ಕೆ ಹೋಗುವ ದಾರಿಯಿಲ್ಲ. 102 ಎಂಬ ಅಂಕಿಯಿಂದ ಕಾವಿಯನ್ನಾಗಲಿ ಹಸಿರನ್ನಾಗಲಿ ಗಣಿತದ ಬಲದಿಂದ ಮರಳಿ ಪಡೆಯಲಾಗದು.

ಕಪ್ಪು-ಬಿಳುಪಿನ ಋಣಚಿತ್ರದಲ್ಲಿ ಉಳಿದಿರುವುದು ಈ ಮೊದಲನೆಯ ಅಂಕಿ ಮಾತ್ರ. ಅದೂ 601ರ ಪಾಲುಗಳಿಗೆ ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ಫಿಲ್ಮಿನ ಲೇಪನವು ನೀಲಿಗೆ ಕಣ್ಣಿಗಿಂತ ಹೆಚ್ಚು ಸ್ಪಂದಿಸುತ್ತದೆ. ಮೇಲೆ ಹೇಳಿದ ಶೋಧಕಗಳ ಪ್ರಭಾವವೂ ಅದರಲ್ಲಿ ಬೆರೆತಿರುತ್ತದೆ.

ಇಲ್ಲಿ ಗಮನಿಸಲೇಬೇಕಾದ ಇನ್ನೊಂದು ಅಂಶವಿದೆ. ವರ್ಣಚಿತ್ರದಲ್ಲಿ ನಿಜಕ್ಕೂ ಬೂದುಬಣ್ಣದ್ದಾದ ಒಂದು ಕಲ್ಲಿಗೂ 128, 128 ಎಂದೇ ಬರೆಯಲಾಗುತ್ತದೆ. ಕಪ್ಪು-ಬಿಳುಪಿನ ಚಿತ್ರದಲ್ಲಿ ಬಣ್ಣವೇನೆಂದು ತಿಳಿಯದ ಸೀರೆಗೂ ಅದೇ ಜೋಡಿ. ‘ಬಣ್ಣವಿಲ್ಲ’ ಎಂಬುದಕ್ಕೂ ‘ಬಣ್ಣ ಗೊತ್ತಿಲ್ಲ’ ಎಂಬುದಕ್ಕೂ ಈ ಬರವಣಿಗೆಯಲ್ಲಿ ಬೇರೆ ಬೇರೆ ಚಿಹ್ನೆಗಳಿಲ್ಲ. ಶಾಸನತಜ್ಞನು ಅಳಿಸಿಹೋದ ಅಕ್ಷರದ ಜಾಗದಲ್ಲಿ ಚುಕ್ಕೆಗಳನ್ನು ಹಾಕುತ್ತಾನೆ, ತನ್ನ ಊಹೆಯನ್ನು ಕಂಸದೊಳಗೆ ಇಡುತ್ತಾನೆ. ವೀಡಿಯೊದ ಅಂಕಿಗಳಲ್ಲಿ ಅಂತಹ ಚುಕ್ಕೆಯೂ ಇಲ್ಲ, ಕಂಸವೂ ಇಲ್ಲ.

ಎರಡು ವರ್ಣಪ್ರತಿಗಳು

ಭಾರತದಲ್ಲಿ ಹಳೆಯ ಚಿತ್ರಗಳಿಗೆ ಗಣಕಯಂತ್ರದ ನೆರವಿನಿಂದ ಬಣ್ಣ ಕೊಡುವ ಕಾರ್ಯ ಪ್ರಸಿದ್ಧಿಗೆ ಬಂದದ್ದು 2004ರ ‘ಮೊಘಲ್-ಎ-ಆಜಮ್’ ಮರುಬಿಡುಗಡೆಯಿಂದ. 2007ರಲ್ಲಿ ‘ನಯಾ ದೌರ್’ ಬಂತು. ಅದರ ಮರುವರ್ಷವೇ ಕನ್ನಡದ ‘ಸತ್ಯ ಹರಿಶ್ಚಂದ್ರ’. ಹಿಂದಿಯ ಮೊದಲನೆಯ ಚಿತ್ರಕ್ಕೂ ಕನ್ನಡದ ಚಿತ್ರಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕೆ. ಆಸಿಫ್ 1960ರ ತಮ್ಮ ಚಿತ್ರದ ಕೆಲವು ಭಾಗಗಳನ್ನು, ವಿಶೇಷವಾಗಿ ಕನ್ನಡಿಯ ಮಹಲಿನ ನೃತ್ಯವನ್ನು, ವರ್ಣದಲ್ಲಿ ಚಿತ್ರಿಸಿದ್ದರು. ಉಳಿದ ಭಾಗಕ್ಕೆ ಬಣ್ಣ ಕೊಡುವವರ ಮುಂದೆ ಮೂಲದ್ದೇ ಆದ ಒಂದು ಮಾದರಿ ಇತ್ತು. ಪೂರ್ತಿ ಕಪ್ಪು-ಬಿಳುಪಿನ ‘ಸತ್ಯ ಹರಿಶ್ಚಂದ್ರ’ಕ್ಕೂ ‘ಕಸ್ತೂರಿ ನಿವಾಸ’ಕ್ಕೂ ಚಿತ್ರದೊಳಗೆ ಅಂತಹ ಆಧಾರವಿರಲಿಲ್ಲ.

ಇಂತಹ ಕಾರ್ಯದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಫಿಲ್ಮನ್ನು ಚೌಕಟ್ಟು ಚೌಕಟ್ಟಾಗಿ ಗಣಕಕ್ಕೆ ಇಳಿಸಿ, ಗೀರು, ಧೂಳುಗಳನ್ನು ತೆಗೆಯುತ್ತಾರೆ. ಪ್ರತಿ ದೃಶ್ಯದಿಂದ ಕೆಲವು ಮುಖ್ಯ ಚೌಕಟ್ಟುಗಳನ್ನು ಆರಿಸಿ, ಮುಖ, ಕೂದಲು, ಉಡುಪು, ಆಭರಣ, ಗೋಡೆ, ಆಕಾಶ ಎಂದು ಅಂಚು ಬಿಡಿಸಿ, ಒಂದೊಂದಕ್ಕೂ ಬಣ್ಣದ ಜೋಡಿ ಅಂಕಿಗಳನ್ನು ಕೊಡುತ್ತಾರೆ. ನಡುವಿನ ಚೌಕಟ್ಟುಗಳಿಗೆ ತಂತ್ರಾಂಶ ಅದನ್ನು ಹರಡುತ್ತದೆ. ತಪ್ಪಿದಲ್ಲಿ ಕೈಯಿಂದ ತಿದ್ದಬೇಕು. ಕ್ಷಣಕ್ಕೆ 24 ಚೌಕಟ್ಟುಗಳಂತೆ ಒಂದು ಗಂಟೆಯ ಚಿತ್ರಕ್ಕೆ 86,400 ಚೌಕಟ್ಟುಗಳಾಗುತ್ತವೆ. ಎರಡೂವರೆ ಗಂಟೆಗೆ ಎರಡು ಲಕ್ಷವನ್ನು ಮೀರುತ್ತವೆ. ಇದರ ಹಿಂದಿನ ಶ್ರಮವನ್ನು ಯಾರೂ ಹಗುರವಾಗಿ ಕಾಣಲಾಗದು.

ಅಂಕಿಗಳ ಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ನಡೆದದ್ದು, ಚಿತ್ರದ ಉದ್ದಕ್ಕೂ ಇದ್ದ 128, 128ರ ಜೋಡಿಯನ್ನು ಅಳಿಸಿ ಬೇರೆ ಜೋಡಿಗಳನ್ನು ಬರೆದದ್ದು. ಮೂರರಲ್ಲಿ ಒಂದು ಅಂಕಿ ಮೂಲ ಛಾಯಾಗ್ರಾಹಕರದ್ದು. ಎರಡು ಅಂಕಿಗಳು ಹೊಸಬರದ್ದು. ಆ ಎರಡನ್ನು ಆರಿಸುವಾಗ ಕೆಲಸಕ್ಕೆ ಬರುವುದು ಸಂಪ್ರದಾಯದ ತಿಳಿವಳಿಕೆ, ಕ್ಯಾಲೆಂಡರ್ ಚಿತ್ರಗಳ ನೆನಪು, ನಂತರದ ಪೌರಾಣಿಕ ವರ್ಣಚಿತ್ರಗಳ ರೂಢಿ. ‘ಸತ್ಯ ಹರಿಶ್ಚಂದ್ರ’ದ ಕಥೆಯಲ್ಲಿ ಅರಮನೆಯಿಂದ ಸ್ಮಶಾನಕ್ಕೆ ಇಳಿಯುವ ಪಯಣವೇ ಜೀವಾಳ. ಕಪ್ಪು-ಬಿಳುಪಿನಲ್ಲಿ ಆ ಇಳಿತವನ್ನು ಹೇಳಿದ್ದು ಬೆಳಕು ಮತ್ತು ನೆರಳಿನ ಹಂಚಿಕೆ. ವರ್ಣಪ್ರತಿಯಲ್ಲಿ ಅರಮನೆಯ ಚಿನ್ನವೂ ಚಿತೆಯ ಕೆಂಪೂ ಅದೇ ಮಾತನ್ನು ಮತ್ತೊಮ್ಮೆ, ಹೆಚ್ಚು ಗಟ್ಟಿಯಾಗಿ ಹೇಳುತ್ತವೆ. ಇದು ಒಂದು ವ್ಯಾಖ್ಯಾನ. ರಾಘವಾಂಕನ ಕಾವ್ಯಕ್ಕೆ ಬರೆದ ಟೀಕೆಯನ್ನು ನಾವು ರಾಘವಾಂಕನ ಪಠ್ಯವೆಂದು ಉಲ್ಲೇಖಿಸುವುದಿಲ್ಲ. ಹಾಗೆಯೇ ವರ್ಣಪ್ರತಿಯನ್ನು 2008ರ, 2014ರ ಕೃತಿಯೆಂದೇ ಉಲ್ಲೇಖಿಸಬೇಕು. ಅವು ತಮ್ಮ ಕಾಲದ ಅಭಿರುಚಿಗೆ ಅಮೂಲ್ಯ ಸಾಕ್ಷಿಗಳು. 1965ರ, 1971ರ ಬಣ್ಣಗಳಿಗೆ ಸಾಕ್ಷಿಗಳಲ್ಲ.

ಇನ್ನೊಂದು ದಾರಿಯೂ ಇದೆಯೆಂಬುದಕ್ಕೆ ‘ಘಟಶ್ರಾದ್ಧ’ ನಿದರ್ಶನ. ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಹಾಗೂ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಗಳ ಪ್ರಯತ್ನದಿಂದ ಪುನರುಜ್ಜೀವಗೊಂಡ ಆ ಚಿತ್ರ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದು ಕಪ್ಪು-ಬಿಳುಪಿನಲ್ಲೇ ಉಳಿಯಿತು. ಅಲ್ಲಿ ಎಲ್ಲ ಶ್ರಮವೂ ಮೊದಲನೆಯ ಅಂಕಿಯನ್ನು ಶುದ್ಧವಾಗಿ ಮರಳಿ ಪಡೆಯುವುದಕ್ಕೆ ಮೀಸಲಾಯಿತು. ಉಳಿದೆರಡರ ವಿಷಯದಲ್ಲಿ ಮೂಲದ ಮೌನವನ್ನು ಮೌನವಾಗಿಯೇ ಬಿಡಲಾಯಿತು.

ಹತ್ತರಗಿ ಪರಿಸರದ ದಾಖಲೆಗಳು

ಈ ಪ್ರಶ್ನೆ ದೊಡ್ಡ ಚಿತ್ರಗಳಿಗಷ್ಟೇ ಸಂಬಂಧಿಸಿದ್ದೆಂದು ಭಾವಿಸಬಾರದು. ಹಳ್ಳಿಯ ಮನೆಗಳ ಟ್ರಂಕುಗಳಲ್ಲಿರುವ ಫೋಟೊ ಮತ್ತು ಕ್ಯಾಸೆಟ್ಟುಗಳು ಇದೇ ಲೆಕ್ಕಕ್ಕೆ ಒಳಪಟ್ಟಿವೆ. ಉದಾಹರಣೆಗೆ ಬೆಳಗಾವಿ ಜಿಲ್ಲೆಯ ಹತ್ತರಗಿ ಪರಿಸರವನ್ನು ತೆಗೆದುಕೊಳ್ಳಬಹುದು. ಹುಕ್ಕೇರಿ, ಗೋಕಾಕ ಸೀಮೆಯ ಈ ಭಾಗದಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಸಮೀಪದಲ್ಲೇ ಘಟಪ್ರಭೆಗೆ ಕಟ್ಟಿದ ಹಿಡಕಲ್ ಜಲಾಶಯವಿದೆ. ಈ ನೆಲದಲ್ಲಿ ಬಣ್ಣವೆಂಬುದು ಆಚರಣೆಯ ಭಾಗ. ಲಕ್ಷ್ಮೀದೇವಿಯ ಜಾತ್ರೆಗಳಲ್ಲಿ ಎರಚುವ ಭಂಡಾರ, ಮದುವೆಯ ಹಸಿರು ಬಳೆ, ಇಳಕಲ್ ಸೀರೆಯ ಕೆಂಪು ಸೆರಗು, ಗೋಕಾಕದ ಕುಶಲಕರ್ಮಿಗಳು ಮರದಲ್ಲಿ ಕೆತ್ತಿ ಬಣ್ಣ ಬಳಿಯುವ ಹಣ್ಣು ಮತ್ತು ಗೊಂಬೆಗಳು — ಇವುಗಳ ಚರಿತ್ರೆಯನ್ನು ಬರೆಯುವವರಿಗೆ ಬಣ್ಣವೂ ಒಂದು ಸಾಕ್ಷ್ಯವೇ.

ಮೊದಲನೆಯದಾಗಿ ಮದುವೆ ಮತ್ತು ಜಾತ್ರೆಗಳ ವೀಡಿಯೊಗಳು. 1995ರಲ್ಲಿ ಬಳಕೆಗೆ ಬಂದ ಡಿವಿ ಕ್ಯಾಸೆಟ್ಟು ಮುಂದಿನ ದಶಕದಲ್ಲಿ ಸಣ್ಣ ಊರುಗಳ ಛಾಯಾಗ್ರಾಹಕರ ಕೈಗೂ ಬಂತು. ಪಾಲ್ ಪದ್ಧತಿಯ ಡಿವಿ ಚೌಕಟ್ಟಿನಲ್ಲಿ ಬೆಳಕಿನ ಅಂಕಿಗಳು 720 ಅಡ್ಡಕ್ಕೆ, 576 ಉದ್ದಕ್ಕೆ, ಒಟ್ಟು 4,14,720. ಬಣ್ಣದ ಅಂಕಿಗಳಾದರೋ ಒಂದೊಂದು ಬಗೆಯವು 1,03,680 ಮಾತ್ರ. ಅಂದರೆ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣ. ಕಣ್ಣು ಬಣ್ಣದ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸುವುದಿಲ್ಲವೆಂಬ ನಂಬಿಕೆಯ ಮೇಲೆ ಮಾಡಿದ ಉಳಿತಾಯವಿದು. ಅದರ ಫಲವಾಗಿ ಕೆಂಪು ಸೆರಗಿನ ಅಂಚು ಪಕ್ಕದ ಬಟ್ಟೆಯ ಮೇಲೆ ಸೋರಿದಂತೆ ಕಾಣುತ್ತದೆ. ಗಾಳಿಯಲ್ಲಿ ಹಾರುವ ಭಂಡಾರದ ಹುಡಿ ತನ್ನ ಆಚೀಚಿನ ಮುಖಗಳಿಗೂ ಹಳದಿಯನ್ನು ಬಳಿಯುತ್ತದೆ. ಸೀರೆಯ ದಡಿಯ ವಿನ್ಯಾಸವನ್ನು ಇಂತಹ ವೀಡಿಯೊದಿಂದ ಗುರುತಿಸುವವರು ಬೆಳಕಿನ ಗೆರೆಯನ್ನು ನಂಬಬಹುದು, ಬಣ್ಣದ ಗೆರೆಯನ್ನು ನಂಬಲಾಗದು.

ಭಂಡಾರದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕ್ಯಾಮೆರಾ ತಾನಾಗಿಯೇ ಬಿಳುಪನ್ನು ಹೊಂದಿಸಿಕೊಳ್ಳುವ ಕ್ರಮದಲ್ಲಿದ್ದಾಗ ಚೌಕಟ್ಟಿನ ಸರಾಸರಿ ಬಣ್ಣ ಬೂದಿಗೆ ಹತ್ತಿರವಿರಬೇಕೆಂದು ಅದು ಊಹಿಸುವುದು ಸಾಮಾನ್ಯ. ಚೌಕಟ್ಟು ತುಂಬ ಹಳದಿಯೇ ಇದ್ದರೆ ಅದನ್ನು ದೋಷವೆಂದು ಬಗೆದು ನೀಲಿಯ ಕಡೆಗೆ ಎಳೆಯುತ್ತದೆ. ಹೀಗಾಗಿ ಜಾತ್ರೆ ತುಂಬಿ ತುಳುಕಿದಷ್ಟೂ ಅಂಕಿಗಳಲ್ಲಿ ಹಳದಿ ಕುಗ್ಗುತ್ತದೆ.

ಎರಡನೆಯದಾಗಿ ಪ್ರತಿ ಮಾಡುವಾಗ ಆಗುವ ಬದಲಾವಣೆ. ಹಳೆಯ ಕ್ಯಾಸೆಟ್ಟಿನ ಅಂಕಿಗಳು 601ರ ಪಾಲಿನಲ್ಲಿ ಬರೆದವು. ಅವನ್ನು ಗಣಕಕ್ಕೆ ಇಳಿಸುವಾಗ ಯಾವ ಮಾನಕದವೆಂಬ ಸೂಚನೆ ಕಳೆದುಹೋದರೆ, ಇಂದಿನ ತಂತ್ರಾಂಶ ಅವನ್ನು 709ರವೆಂದು ಓದಿಬಿಡುವ ಸಂಭವವಿದೆ. ಮೇಲಿನ ಲೆಕ್ಕದ ಹಸಿರು ಸೀರೆಯನ್ನೇ ನೋಡೋಣ. 60, 130, 67 ಎಂದಿದ್ದುದು ಹಾಗೆ ಓದಿದಾಗ ಸುಮಾರು 55, 120, 65 ಆಗುತ್ತದೆ. ಕ್ಯಾಸೆಟ್ಟಿನ ಒಂದು ಅಂಕಿಯೂ ಅಳಿಸಿಲ್ಲ, ಆದರೂ ಸೀರೆ ಮಬ್ಬಾಗಿದೆ. ಹೀಗೆ ಓದಿದ ಪ್ರತಿಯನ್ನೇ ಮತ್ತೆ ಬರೆದಿಟ್ಟರೆ ತಪ್ಪು ಖಾಯಂ ಆಗುತ್ತದೆ. ತಾಳೆಗರಿಯ ಪ್ರತಿಕಾರನ ಸ್ಖಾಲಿತ್ಯಗಳನ್ನು ಗುರುತಿಸಲು ಗ್ರಂಥಸಂಪಾದನಾಶಾಸ್ತ್ರದಲ್ಲಿ ಕ್ರಮಗಳಿವೆ; ಇಲ್ಲಿಯೂ ಅಂತಹ ಎಚ್ಚರ ಬೇಕು.

ಮೂರನೆಯದು ಹೆಚ್ಚು ಗಂಭೀರವಾದುದು. 1977ರಲ್ಲಿ ಪೂರ್ಣಗೊಂಡ, ರಾಜಾ ಲಖಮಗೌಡರ ಹೆಸರನ್ನು ಹೊತ್ತ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಹುನ್ನೂರಿನ ವಿಠ್ಠಲ ದೇವಾಲಯ ನೀರು ಇಳಿದಾಗ ಇಂದಿಗೂ ಕಾಣಿಸಿಕೊಳ್ಳುತ್ತದೆ. ಮಳೆಗಾಲ ತುಂಬಿದಾಗ ಮತ್ತೆ ಮರೆಯಾಗುತ್ತದೆ. ಕಲ್ಲು ಉಳಿದಿದೆ. ಮುಳುಗುವ ಮುನ್ನ ಮನೆಗಳ ಬಾಗಿಲಿಗೆ, ಕಟ್ಟೆಗೆ, ಗುಡಿಯ ಗೋಡೆಗೆ ಇದ್ದ ಬಣ್ಣ ಉಳಿದಿರುವುದು ಹಿರಿಯರ ನೆನಪಿನಲ್ಲಿ. ಆ ಕಾಲದ ಫೋಟೊಗಳು ಬಹುಮಟ್ಟಿಗೆ ಕಪ್ಪು-ಬಿಳುಪಿನವು. ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಅಂತಹ ಫೋಟೊಗೆ ಕ್ಷಣಾರ್ಧದಲ್ಲಿ ಬಣ್ಣ ಕೊಡುತ್ತವೆ. ಅವುಗಳು ಕಲಿತಿರುವುದು ಬೇರೆಲ್ಲಿಯದೋ ಲಕ್ಷಾಂತರ ಚಿತ್ರಗಳಿಂದ. ಗೋಡೆಗೆ ಕೆಮ್ಮಣ್ಣಿನ ಸಾರಣೆಯಿತ್ತೋ ಸುಣ್ಣಕ್ಕೆ ಬೆರೆಸಿದ ನೀಲಿಯಿತ್ತೋ ಎಂಬುದು ಅವಕ್ಕೆ ತಿಳಿದಿಲ್ಲ. ಸಾಧಾರಣವಾಗಿ ಸರಿಹೊಂದುವ ಜೋಡಿಯೊಂದನ್ನು ಅವು ಬರೆದಿಡುತ್ತವೆ. ಊರನ್ನು ಕಂಡವರು ಇರುವ ತನಕ ಅದನ್ನು ತಿದ್ದಬಹುದು. ಅವರ ನಂತರ ಆ ಫೋಟೊವೇ ಪ್ರಮಾಣವಾಗಿ ಬಿಡುವ ಅಪಾಯವಿದೆ. ನೀರು ಒಮ್ಮೆ ಮುಳುಗಿಸಿದ ಊರನ್ನು ಅಂಕಿ ಎರಡನೆಯ ಬಾರಿ ಮುಳುಗಿಸುವುದೆಂದರೆ ಇದೇ.

ಸಮಾರೋಪ

ಈ ಅವಲೋಕನದಿಂದ ಗ್ರಂಥಾಲಯಗಳಿಗೂ ಸಂಶೋಧಕರಿಗೂ ಉಪಯುಕ್ತವಾಗುವ ಕೆಲವು ಅಂಶಗಳನ್ನು ಸಂಗ್ರಹಿಸಬಹುದು. ಕಪ್ಪು-ಬಿಳುಪಿನ ಮೂಲವನ್ನು ಅದರ ಸ್ಥಿತಿಯಲ್ಲೇ ಗಣಕಕ್ಕೆ ಇಳಿಸಿ ಪ್ರತ್ಯೇಕವಾಗಿ ಕಾಪಾಡಬೇಕು. ವರ್ಣಪ್ರತಿ ಅದರ ಬದಲಿಯಾಗಬಾರದು. ವರ್ಣಪ್ರತಿಯ ಸೂಚಿಪತ್ರದಲ್ಲಿ ಮೂಲದ ವರ್ಷದೊಡನೆ ಬಣ್ಣ ಕೊಟ್ಟ ವರ್ಷವನ್ನೂ ತಪ್ಪದೆ ನಮೂದಿಸಬೇಕು. ವೀಡಿಯೊ ದಾಖಲೆಯ ಜೊತೆ ಅದು ಯಾವ ಮಾನಕದಲ್ಲಿ, ಬಣ್ಣದ ಅಂಕಿಗಳ ಯಾವ ಹಂಚಿಕೆಯಲ್ಲಿ ಬರೆಯಲ್ಪಟ್ಟಿದೆ ಎಂಬ ಒಂದು ಸಾಲು ಇರಬೇಕು. ಹೊಸದಾಗಿ ದಾಖಲಿಸುವಾಗ, ಗೋಕಾಕದ ಗೊಂಬೆಯಾಗಲಿ ಜಾತ್ರೆಯ ತೇರಾಗಲಿ, ಮೊದಲ ಚೌಕಟ್ಟಿನಲ್ಲಿ ಗೊತ್ತಾದ ಬೂದು ಮತ್ತು ಬಣ್ಣಗಳ ಪಟ್ಟಿಯೊಂದನ್ನು ಹಿಡಿದು ಚಿತ್ರಿಸಿದರೆ ಮುಂದಿನವರಿಗೆ ಅಳತೆಗೋಲು ಸಿಗುತ್ತದೆ. ಹಳೆಯ ಫೋಟೊಗಳ ವಿಷಯದಲ್ಲಿ ಬಣ್ಣವನ್ನು ಬಲ್ಲ ಹಿರಿಯರ ಮಾತನ್ನು, ಹೇಳಿಕೆಯ ದಿನಾಂಕದೊಡನೆ, ಬರೆದಿಟ್ಟುಕೊಳ್ಳುವ ಕೆಲಸವನ್ನು ಮುಂದೂಡುವಂತಿಲ್ಲ.

‘ಸತ್ಯ ಹರಿಶ್ಚಂದ್ರ’ವನ್ನು ವರ್ಣದಲ್ಲಿ ಕಂಡು ಸಂತೋಷಪಟ್ಟವರ ಸಂತೋಷವನ್ನು ಈ ಪ್ರಬಂಧ ಕಡಿಮೆಮಾಡಬಯಸುವುದಿಲ್ಲ. ಆದರೆ ಆ ಹೆಸರಿನ ಚಿತ್ರದ ವಿಷಯದಲ್ಲಾದರೂ ನಾವು ಸತ್ಯಕ್ಕೆ ಬದ್ಧರಾಗಿರುವುದು ಉಚಿತ. 128, 128 ಎಂದು ಮೂಲವು ಉಳಿಸಿದ ಜಾಗದಲ್ಲಿ ಬೇರೊಬ್ಬರು ಬರೆದದ್ದನ್ನು, ಬರೆದವರ ಕಾಲದೊಡನೆ ಓದುವುದಷ್ಟೇ ಚರಿತ್ರೆಯ ವಿದ್ಯಾರ್ಥಿಯಿಂದ ನಿರೀಕ್ಷಿಸಬೇಕಾದುದು.